ಇರು, ಹೇಳ್ತೀನಿ

“ಗುರುಗಳೇ, ಕೊನೆಗೆ ಎಲ್ಲವೂ ಬಂದೇ ಬರುತ್ತದೆ. ಒಟ್ಟಿಗೇ ಬಂದರೇನು, ಒಂದೊಂದಾಗಿ ಬಂದರೇನು? ಕಾಯುವ ಹೊತ್ತು ಅಷ್ಟೇ ಅಲ್ಲವೇ?”

ಕೇಳಿದವನು ಇಂದುಧರ. ತಿಪಟೂರಿನ ಒಂದು ಹಳೆಯ ಮುದ್ರಣಾಲಯದ ಮಹಡಿಯಲ್ಲಿ ಪದ್ಮರಾಜಯ್ಯನವರು ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದನ್ನು ಕಲಿಸುತ್ತಿದ್ದರು. ಇಂದುಧರ ಅವರ ಬಳಿ ಮೂರು ವರ್ಷದಿಂದ ಕಲಿಯುತ್ತಿದ್ದ. ಅವನು ಒಂದು ಗ್ರಂಥಾಲಯಕ್ಕೆಂದು ಪ್ರೋಗ್ರಾಂ ಬರೆದಿದ್ದ. ಅದನ್ನು ತೆರೆದಾಗ ಪರದೆ ಅರ್ಧ ನಿಮಿಷ ಬೆಳ್ಳಗೆ ನಿಂತುಬಿಡುತ್ತಿತ್ತು. ಪಟ್ಟಿಗಳು, ನಕ್ಷೆಗಳು, ಪುಸ್ತಕದ ಮುಖಪುಟಗಳು ಎಲ್ಲ ಸಿದ್ಧವಾದ ಮೇಲೆಯೇ ಅದು ಕೆಲಸಕ್ಕೆ ಒದಗುತ್ತಿತ್ತು. ಅಲ್ಲಿಯವರೆಗೆ ಯಾರು ಏನು ಒತ್ತಿದರೂ ಕೇಳುವವರಿಲ್ಲ. ಇದನ್ನು ಸರಿಪಡಿಸು ಎಂದು ಗುರುಗಳು ಎರಡು ಸಲ ಹೇಳಿದ್ದರು. ಅವನು ಸರಿಪಡಿಸಿರಲಿಲ್ಲ. ಅದು ತಪ್ಪೆಂದು ಅವನಿಗೆ ಅನಿಸಿರಲೇ ಇಲ್ಲ.

ಪದ್ಮರಾಜಯ್ಯನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಉತ್ತರ ಹೇಳಲಿಲ್ಲ. ಕತೆ ಹೇಳಿದರು.

ಒಬ್ಬ ಪ್ರೋಗ್ರಾಮರ್ ಇದ್ದ. ಕೆಲಸ ಬಲ್ಲವನು. ಮಾಡಿದ್ದನ್ನು ಅಚ್ಚುಕಟ್ಟಾಗಿ ಮಾಡುವವನು. ಮಾತು ಕಳೆದುಕೊಂಡವರಿಗಾಗಿ ಅವನು ಒಂದು ಪ್ರೋಗ್ರಾಂ ಬರೆದ. ಅದಕ್ಕೆ ಮಾತಿನ ಹಲಗೆ ಎಂದು ಹೆಸರಿಟ್ಟ. ಕಂಪ್ಯೂಟರಿನ ಪರದೆಯ ಮೇಲೆ ಚಿತ್ರಗಳು ಬರುತ್ತವೆ. ಚಿತ್ರವನ್ನು ಬೆರಳಿನಿಂದ ಒತ್ತಿದರೆ ಕಂಪ್ಯೂಟರು ಆ ಮಾತನ್ನು ಗಟ್ಟಿಯಾಗಿ ಹೇಳುತ್ತದೆ. ಲೋಟ ಒತ್ತಿದರೆ ನೀರು ಎನ್ನುತ್ತದೆ. ತಲೆ ಒತ್ತಿದರೆ ನೋವು ಎನ್ನುತ್ತದೆ.

ಅವನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಹನ್ನೆರಡು ಪುಟ ಮಾಡಿದ. ಊಟದ್ದೊಂದು, ಮೈಯ ನೋವಿನದ್ದೊಂದು, ಮನೆಯವರ ಫೋಟೋಗಳದ್ದೊಂದು. ಹಾಡುಗಳಿಗೆ ಒಂದು, ದೇವರಿಗೆ ಒಂದು, ದಿನ ತೋರಿಸುವ ಕ್ಯಾಲೆಂಡರಿಗೆ ಒಂದು. ಬೇಕೆನಿಸಿದ್ದನ್ನೆಲ್ಲ ಅದರೊಳಗೆ ತುಂಬಿದ. ಪ್ರೋಗ್ರಾಂ ಭಾರವಾಯಿತು. ತೆರೆಯಲು ನಲವತ್ತು ಸೆಕೆಂಡು ಹಿಡಿಯಿತು. ಆ ನಲವತ್ತು ಸೆಕೆಂಡು ಪರದೆ ಬರಿದಾಗಿ ಇರುತ್ತಿತ್ತು. ಆಮೇಲೆ ಎಲ್ಲವೂ ಒಮ್ಮೆಗೇ ಬಂದು ಕೂರುತ್ತಿತ್ತು.

ಅವನಿಗೆ ಇದು ಸರಿಯೆಂದೇ ತೋರಿತ್ತು. ಅರೆಬರೆ ಕಟ್ಟಿದ್ದನ್ನು ಜನರ ಮುಂದೆ ಇಡುವುದು ಅವಮರ್ಯಾದೆ ಎಂದು ಅವನು ತಿಳಿದಿದ್ದ. ಎಲ್ಲವನ್ನೂ ಸಿದ್ಧ ಮಾಡಿ ಆಮೇಲೆ ಬಾಗಿಲು ತೆಗೆಯಬೇಕು ಎಂಬುದು ಅವನ ನಿಯಮ. ಮೊದಲ ಸಲ ಆ ಪರದೆ ಹನ್ನೆರಡು ಪುಟಗಳೊಡನೆ ತುಂಬಿ ನಿಂತಾಗ ಅವನು ತುಸು ಹಿಂದೆ ಸರಿದು ನಿಂತು ನೋಡಿದ್ದ. ಬಹಳ ಹೊತ್ತು ನೋಡಿದ್ದ.

ಬೇರೊಂದು ಊರಿನಲ್ಲಿ ಒಬ್ಬ ಕಂಡಕ್ಟರ್ ಇದ್ದ. ಮೂವತ್ತು ವರ್ಷ ಬಸ್ಸಿನಲ್ಲಿ ನಿಂತವನು. ಊರಿನ ಹೆಸರು ಕೂಗುವುದು, ಚಿಲ್ಲರೆ ಕೇಳುವುದು, ಹತ್ತುವವರಿಗೆ ಮುಂದೆ ಹೋಗಿ ಎನ್ನುವುದು, ಇಳಿಯುವ ಮುದುಕಿಗೆ ನಿಧಾನ ತಾಯಿ ಎನ್ನುವುದು, ದಿನವಿಡೀ ಮಾತೇ ಅವನ ಕೆಲಸ. ನಿವೃತ್ತಿಯಾದ ಮರುವರ್ಷ ಅವನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು. ಮಾತೂ ಹೋಯಿತು. ಬೇರೆಯವರು ಹೇಳಿದ್ದು ಎಲ್ಲ ತಿಳಿಯುತ್ತಿತ್ತು. ಅವನಿಗೆ ಹೇಳಲು ಬರುತ್ತಿರಲಿಲ್ಲ. ಅಕ್ಷರ ಗುರುತು ಹತ್ತುತ್ತಿತ್ತು, ಕೂಡಿಸಿ ಪದ ಮಾಡಲು ಆಗುತ್ತಿರಲಿಲ್ಲ. ಎಡಗೈ ಒಂದು ನೆಟ್ಟಗೆ ಉಳಿದಿತ್ತು.

ಯಾರೋ ಪುಣ್ಯಾತ್ಮರು ಅವನಿಗೆ ಒಂದು ಕಂಪ್ಯೂಟರ್ ಕೊಡಿಸಿದರು. ಪ್ರೋಗ್ರಾಮರ್ ತಾನೇ ಬಂದು ಹಲಗೆಯನ್ನು ಹಾಕಿಕೊಟ್ಟ. ಮನೆಯವರ ಫೋಟೋಗಳನ್ನು ಸೇರಿಸಿದ. ಮಾತುಗಳಿಗೆ ಯಾರ ದನಿ ಎಂಬ ಪ್ರಶ್ನೆ ಬಂತು. ಕಂಡಕ್ಟರನ ತಮ್ಮನ ದನಿ ಅಣ್ಣನ ದನಿಯಂತೆಯೇ ಇತ್ತು. ಆ ತಮ್ಮ ಒಂದು ಇಡೀ ದಿನ ಕುಳಿತು ಒಂದೊಂದೇ ಮಾತು ಹೇಳಿದ. ಸಂಜೆ ಹಲಗೆ ಮಾತಾಡಿದಾಗ ಕಂಡಕ್ಟರನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪ್ರೋಗ್ರಾಮರ್ ಸಂತೋಷದಿಂದ ತನ್ನ ಊರಿಗೆ ಮರಳಿದ.

ಮೂರನೆಯ ತಿಂಗಳು ಆಕೆಯ ಫೋನು ಬಂತು.

“ಸಾರ್, ಬೇಜಾರು ಮಾಡ್ಕೋಬೇಡಿ. ನಿಮ್ಮ ಮಿಷನ್ನು ತಗೊಂಡು ಹೋಗಿಬಿಡಿ. ಬೇರೆ ಯಾರಿಗಾದ್ರೂ ಉಪಯೋಗಕ್ಕೆ ಬರಲಿ.”

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಅವನು ಮರುದಿನವೇ ಹೊರಟ.

ಮನೆಯಲ್ಲಿ ಕಂಪ್ಯೂಟರಿನ ಮೇಲೆ ಒಂದು ಹಳೆಯ ಟವೆಲು ಹೊದಿಸಿತ್ತು. ಪಕ್ಕದ ಮಂಚದಲ್ಲಿ ಕಂಡಕ್ಟರ್ ದಿಂಬಿಗೆ ಒರಗಿ ಕುಳಿತಿದ್ದ. ಬಂದವನನ್ನು ನೋಡಿ ಎಡಗೈ ಎತ್ತಿ ನಮಸ್ಕಾರದಂತೆ ಮಾಡಿದ. ಆಮೇಲೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡ. ಪ್ರೋಗ್ರಾಮರ್ ಟವೆಲು ತೆಗೆದು ಕಂಪ್ಯೂಟರನ್ನು ಚಾಲೂ ಮಾಡಿದ. ನಲವತ್ತು ಸೆಕೆಂಡು ಆಯಿತು. ಹನ್ನೆರಡು ಪುಟಗಳೂ ಬಂದವು. ಒಂದೊಂದನ್ನೂ ಒತ್ತಿ ನೋಡಿದ. ಎಲ್ಲವೂ ಸರಿಯಾಗಿತ್ತು.

“ಏನೂ ಕೆಟ್ಟಿಲ್ಲವಲ್ಲಮ್ಮಾ,” ಎಂದ.

“ಕೆಟ್ಟಿದೆ ಅಂತ ನಾನು ಎಲ್ಲಿ ಹೇಳಿದೆ?” ಎಂದಳು ಆಕೆ. “ಅವರು ಮುಟ್ಟೋದಿಲ್ಲ. ಅಷ್ಟೇ.”

“ಯಾವತ್ತಿಂದ?”

ಆಕೆ ಗಂಡನ ಕಡೆ ನೋಡಿದಳು. ಪ್ರೋಗ್ರಾಮರನನ್ನು ಅಡುಗೆಮನೆಯ ಬಾಗಿಲ ಬಳಿಗೆ ಕರೆದು ದನಿ ತಗ್ಗಿಸಿ ಹೇಳಿದಳು.

ಅವರಿಗೆ ಒಬ್ಬಳೇ ಮಗಳು. ಮಂದಾಕಿನಿ. ಮಂದಾ ಎಂದು ಕರೆಯುವುದು. ಮೊದಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಐದು ತಿಂಗಳು ಇದ್ದು, ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಹೊರಡುವ ದಿನ ಬಂತು. ಬೆಳಿಗ್ಗೆ ಕರೆಂಟು ಹೋಗಿ ಬಂದಿತ್ತು, ಕಂಪ್ಯೂಟರು ಆರಿಹೋಗಿತ್ತು. ಬಾಗಿಲಲ್ಲಿ ಕಾರು ಬಂದು ನಿಂತಿತ್ತು. ಹೊತ್ತು ಮೀರುತ್ತದೆ ಎಂದು ಅಳಿಯ ಅವಸರ ಮಾಡುತ್ತಿದ್ದ. ಮಂದಾ ಕೂಸನ್ನು ಅಪ್ಪನ ಮಡಿಲಿಗೆ ಮುಟ್ಟಿಸಿ, ಅಪ್ಪನ ಕಾಲಿಗೆ ನಮಸ್ಕಾರ ಮಾಡಿ, ಹೋಗಿ ಬರ್ತೀನಪ್ಪಾ ಎಂದಳು. ಅಪ್ಪ ಹಲಗೆಯ ಕಡೆ ಕೈ ಚಾಚಿದ. ಯಾರೋ ಕಂಪ್ಯೂಟರನ್ನು ಹಾಕಿಕೊಟ್ಟರು. ಪರದೆ ಬೆಳ್ಳಗಿತ್ತು. ಅವನು ಒತ್ತಿದ. ಏನೂ ಬರಲಿಲ್ಲ. ಮತ್ತೆ ಒತ್ತಿದ. ಮಂದಾ ಸ್ವಲ್ಪ ಹೊತ್ತು ಬಗ್ಗಿ ನಿಂತು ಕಾದಳು. ಹೊರಗೆ ಹಾರನ್ನು ಕೇಳಿಸಿತು. ಅಪ್ಪ ಸುಮ್ಮನೆ ಪರದೆ ತಟ್ಟುತ್ತಿದ್ದಾನೆ ಎಂದು ಅವಳಿಗೆ ಅನಿಸಿರಬೇಕು. ಅಪ್ಪನ ತಲೆ ಸವರಿ ಹೊರಟುಹೋದಳು.

ಕಾರು ತಿರುವು ದಾಟಿದ ಮೇಲೆ ಹಲಗೆ ಎಚ್ಚರಗೊಂಡಿತು. ನೀರು ಎಂದಿತು. ನೀರು, ನೀರು, ನೀರು ಎಂದು ನಿಲ್ಲಿಸದೆ ಒಂಬತ್ತು ಸಲ ಹೇಳಿತು. ಕಳಿಸಿಕೊಡಲು ಬಂದು ನಿಂತಿದ್ದ ಅಕ್ಕಪಕ್ಕದವರು ನಕ್ಕರು. ಕೆಟ್ಟ ಮನಸ್ಸಿನಿಂದ ನಕ್ಕಿದ್ದಲ್ಲ. ಮಿಷನ್ನು ಹಾಗೆ ಒದರಿಕೊಂಡಿದ್ದಕ್ಕೆ ನಗು ಬಂತು.

“ನಾನು ಓಡಿಹೋಗಿ ನೀರು ತಂದುಕೊಟ್ಟೆ,” ಎಂದಳು ಆಕೆ. “ಕುಡೀಲಿಲ್ಲ. ಲೋಟ ದೂಡಿಬಿಟ್ಟರು. ಮೂವತ್ತೈದು ವರ್ಷದಲ್ಲಿ ಅವರು ನನ್ನ ಕೈಯಿಂದ ಏನನ್ನೂ ದೂಡಿದವರಲ್ಲ. ಆವತ್ತಿಂದ ಅದನ್ನು ಮುಟ್ಟಿಲ್ಲ.”

ಪ್ರೋಗ್ರಾಮರ್ ಮರಳಿ ಹೋಗಿ ಕಂಪ್ಯೂಟರಿನ ಮುಂದೆ ಕುಳಿತ. ಕರೆಂಟು ಹೋಗುವುದು ತನ್ನ ತಪ್ಪಲ್ಲ, ಅಳಿಯನ ಅವಸರ ತನ್ನ ತಪ್ಪಲ್ಲ, ನಲವತ್ತು ಸೆಕೆಂಡು ಎಂದರೆ ಎಷ್ಟು ಮಹಾ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹಾಗೆ ಲೆಕ್ಕ ಹಾಕುತ್ತಿರುವಾಗಲೇ ಮಂಚದಲ್ಲಿದ್ದ ಕಂಡಕ್ಟರ್ ಚಮಚದಿಂದ ಲೋಟವನ್ನು ಎರಡು ಸಲ ತಟ್ಟಿದ.

“ಬಂದೆ ರೀ,” ಎಂದು ಒಳಗಿನಿಂದ ದನಿ ಬಂತು.

ಆಕೆ ಬರಲಿಲ್ಲ. ಅಡುಗೆಮನೆಯಲ್ಲಿ ಆಕೆ ಒಬ್ಬಟ್ಟಿನ ಕಣಕ ನಾದುತ್ತಿದ್ದಳು. ಎರಡೂ ಕೈ ಮೊಣಕೈವರೆಗೆ ಹಿಟ್ಟು. ಸ್ವಲ್ಪ ಹೊತ್ತಾದ ಮೇಲೆ, “ಕೈ ತೊಳೀತಿದೀನಿ,” ಎಂದಳು. ಇನ್ನೂ ಸ್ವಲ್ಪ ಹೊತ್ತಾದ ಮೇಲೆ, “ಒಲೆ ಸಣ್ಣದು ಮಾಡಿ ಬಂದುಬಿಟ್ಟೆ,” ಎಂದಳು. ಆಕೆ ಹೊರಗೆ ಬಂದಾಗ ಮೂರು ನಿಮಿಷ ದಾಟಿತ್ತು. ಗಂಡ ಬೆನ್ನಿನ ಹಿಂದಿನ ದಿಂಬು ತೋರಿಸಿದ. ಆಕೆ ದಿಂಬು ಸರಿಮಾಡಿ ಮರಳಿ ಹೋದಳು.

ಪ್ರೋಗ್ರಾಮರ್ ಅವನ ಮುಖವನ್ನೇ ನೋಡುತ್ತಿದ್ದ. ಆ ಮೂರು ನಿಮಿಷದಲ್ಲಿ ಕಂಡಕ್ಟರ್ ಮತ್ತೊಮ್ಮೆ ಲೋಟ ತಟ್ಟಿರಲಿಲ್ಲ. ಹುಬ್ಬು ಗಂಟಿಕ್ಕಿರಲಿಲ್ಲ. ಬಂದೆ ಎಂಬ ಮಾತು ಕಿವಿಗೆ ಬಿದ್ದದ್ದೇ ಚಮಚವನ್ನು ಕೆಳಗಿಟ್ಟು ಕಿಟಕಿಯಾಚೆ ನೋಡುತ್ತ ಕುಳಿತಿದ್ದ. ಆ ಮೂರು ನಿಮಿಷದಲ್ಲಿ ಗಡಿಯಾರ ನೋಡಿಕೊಂಡವನು ಪ್ರೋಗ್ರಾಮರ್ ಒಬ್ಬನೇ.

ಆಗ ಅವನಿಗೆ ಒಂದು ವಿಷಯ ಹೊಳೆಯಿತು. ಹಲಗೆಯಲ್ಲಿ ಯಾವ ಹೊತ್ತಿನಲ್ಲಿ ಎಲ್ಲಿ ಬೆರಳು ಬಿತ್ತು ಎಂಬುದನ್ನೆಲ್ಲ ಕಂಪ್ಯೂಟರು ಬರೆದಿಡುವಂತೆ ಅವನೇ ಮಾಡಿದ್ದ. ಆ ದಿನದ್ದನ್ನು ತೆಗೆದು ಓದಿದ. ಮೊದಲ ಒತ್ತು ಪರದೆಯ ಮೇಲಂಚಿನಲ್ಲಿ ಬಿದ್ದಿತ್ತು. ಮನೆಯವರ ಫೋಟೋ ಇರುವ ಪುಟವನ್ನು ತೆರೆಯುವ ಗುಂಡಿ ಇರುವುದು ಅಲ್ಲಿ. ಆದರೆ ಪುಟ ತೆರೆಯುವ ಗುಂಡಿಗಳು ಹುಟ್ಟುವುದು ಎಲ್ಲಕ್ಕಿಂತ ಕೊನೆಗೆ, ಕಾದಿದ್ದ ಮೊದಲ ಒತ್ತಿನ ಸರದಿ ಬಂದಾಗ ಆ ಗುಂಡಿ ಇನ್ನೂ ಹುಟ್ಟಿರಲಿಲ್ಲ. ಆ ಒತ್ತು ಸುಮ್ಮನೆ ಕಳೆದುಹೋಗಿತ್ತು. ಉಳಿದ ಒಂಬತ್ತೂ ಒಂದೇ ಜಾಗದಲ್ಲಿ, ಬಲಗಡೆ, ಎರಡನೆಯ ಸಾಲಿನಲ್ಲಿ. ಹಲಗೆ ಎಚ್ಚರಗೊಂಡಾಗ ಎಂದಿನಂತೆ ಮೊದಲ ಪುಟ ತೆರೆದಿತ್ತು. ಮೊದಲ ಪುಟದಲ್ಲಿ ಆ ಜಾಗದಲ್ಲಿ ಇದ್ದದ್ದು ನೀರು. ಕಾದು ನಿಂತಿದ್ದ ಒಂಬತ್ತು ಒತ್ತುಗಳೂ ನೀರಿನ ಮೇಲೆ ಬಿದ್ದಿದ್ದವು.

ಅವನು ಮನೆಯವರ ಪುಟವನ್ನು ತೆರೆದು ನೋಡಿದ. ಬಲಗಡೆ, ಎರಡನೆಯ ಸಾಲು. ಅಲ್ಲಿ ಮಂದಾಕಿನಿಯ ಫೋಟೋ ಇತ್ತು.

ಅವನು ಬಹಳ ಹೊತ್ತು ಆ ಫೋಟೋವನ್ನು ನೋಡುತ್ತ ಕುಳಿತ. ಆಮೇಲೆ ಎದ್ದು ಅಡುಗೆಮನೆಯ ಬಾಗಿಲಿಗೆ ಹೋದ.

“ಅಮ್ಮಾ, ಆವತ್ತು ಅವರು ನೀರು ಕೇಳಲಿಲ್ಲ,” ಎಂದ. “ಪರದೆ ಬರಿದಾಗಿದ್ದರೂ ಜಾಗ ಅವರಿಗೆ ನೆನಪಿತ್ತು. ಮಗಳ ಹೆಸರು ಕರೆದಿದ್ದಾರೆ. ಒಂಬತ್ತು ಸಲ ಕರೆದಿದ್ದಾರೆ. ನನ್ನ ಹಲಗೆ ಅದನ್ನು ನೀರು ಮಾಡಿಬಿಟ್ಟಿತು.”

ಆಕೆ ಹಿಟ್ಟಿನ ಕೈ ಹಾಗೆಯೇ ಹಿಡಿದು ನಿಂತಳು. ಆಮೇಲೆ ಕೈಯನ್ನೂ ತೊಳೆಯದೆ ಹೊರಗೆ ಬಂದು ಗಂಡನ ಪಕ್ಕ ಮಂಚದ ಮೇಲೆ ಕುಳಿತಳು. “ಗೊತ್ತಾಗ್ಲಿಲ್ಲ ರೀ,” ಎಂದಳು. “ನನಗೆ ಗೊತ್ತಾಗ್ಲಿಲ್ಲ. ನೀರು ತಂದುಬಿಟ್ಟೆ.” ಕಂಡಕ್ಟರ್ ಎಡಗೈಯಿಂದ ಅವಳ ಮಣಿಕಟ್ಟು ಹಿಡಿದುಕೊಂಡ. ಅವನ ಕೈಗೂ ಹಿಟ್ಟು ಮೆತ್ತಿತು. ಇಬ್ಬರೂ ಹಾಗೆಯೇ ಕುಳಿತರು. ಪ್ರೋಗ್ರಾಮರ್ ಜಗಲಿಗೆ ಹೋಗಿ ನಿಂತುಕೊಂಡ.

ಮಧ್ಯಾಹ್ನ ಅವನು ಊಟಕ್ಕೆ ಕುಳಿತಾಗ ತನ್ನ ಕಷ್ಟ ಹೇಳಿಕೊಂಡ. “ಎಲ್ಲ ಬರೋ ಮೊದಲೇ ಹಲಗೆಯ ಬಾಗಿಲು ತೆಗೆದರೆ ಒಳಗೆ ಖಾಲಿ ಇರುತ್ತಮ್ಮಾ. ಖಾಲಿ ತೋರಿಸೋದು ಹೇಗೆ?”

ಆಕೆಗೆ ಇದು ಅರ್ಥವಾಗದ ಮಾತು ಎನಿಸಲಿಲ್ಲ. “ನೀವು ಈಗ ಕೂತ್ಕೊಂಡಿದೀರಲ್ಲ,” ಎಂದಳು. “ಎಲೆ ಹಾಕಿದೆ, ನೀರು ಇಟ್ಟೆ, ಉಪ್ಪು ಬಡಿಸಿದೆ. ಅನ್ನ ಇನ್ನೂ ಒಲೆ ಮೇಲೆ ಇದೆ. ಖಾಲಿ ಎಲೆ ಮುಂದೆ ಕೂರಿಸಿದ್ರು ಅಂತ ನಿಮಗೆ ಬೇಜಾರಾಯ್ತಾ?”

ಅವನು ಎಲೆಯನ್ನು ನೋಡಿದ. ಅವನಿಗೆ ಬೇಜಾರಾಗಿರಲಿಲ್ಲ.

ಊಟವಾದ ಮೇಲೆ ಅವನು ಒಂದಿಷ್ಟು ಕಾಗದದ ಚೀಟಿಗಳ ಮೇಲೆ ಚಿತ್ರ ಬರೆದು ಕಂಡಕ್ಟರನ ಮುಂದೆ ಹರಡಿದ. ಹಲಗೆ ತೆರೆದ ಕೂಡಲೇ ಎಲ್ಲಕ್ಕಿಂತ ಮೊದಲು ಯಾವುದು ಬರಬೇಕು ಎಂದು ಕೇಳಿದ. ತನ್ನ ಅಂದಾಜಿನಂತೆ ನೀರು, ನೋವು, ಶೌಚ ಎಂಬ ಮೂರನ್ನು ಮುಂದೆ ಇಟ್ಟಿದ್ದ. ಕಂಡಕ್ಟರ್ ಮೂರನ್ನೂ ಪಕ್ಕಕ್ಕೆ ಸರಿಸಿದ. ಬೇರೆ ಚೀಟಿಗಳನ್ನು ನೋಡಿದ. ಅವನ್ನೂ ಸರಿಸಿದ. ಆಮೇಲೆ ಎಡಗೈ ಎತ್ತಿ, ಅಂಗೈಯನ್ನು ಮುಂದೆ ಚಾಚಿ, ಅಲ್ಲೇ ಹಿಡಿದ. ಪ್ರೋಗ್ರಾಮರನಿಗೆ ತಿಳಿಯಲಿಲ್ಲ. ಬೇಡ ಎನ್ನುತ್ತಿದ್ದಾನೆ ಎಂದುಕೊಂಡ. ಕಂಡಕ್ಟರ್ ಅಲ್ಲವೆಂದು ತಲೆಯಲ್ಲಾಡಿಸಿದ. ಮತ್ತೆ ಅದೇ ರೀತಿ ಕೈ ಹಿಡಿದ.

ಹೆಂಡತಿ ನಕ್ಕಳು. “ಬಸ್ಸಲ್ಲಿ ಹಂಗೇ ಮಾಡ್ತಿದ್ರು. ದೂರದಲ್ಲಿ ಯಾರಾದ್ರೂ ಓಡಿ ಬರ್ತಿದ್ರೆ, ಡ್ರೈವರಿಗೆ ಕೈ ತೋರಿಸ್ತಿದ್ರು. ಇರು, ಇನ್ನೊಬ್ಬರು ಬರ್ತಿದಾರೆ ಅಂತ.” ಆಕೆ ಗಂಡನ ಕಡೆ ತಿರುಗಿದಳು. “ಇರು ಅಂತ ಹೇಳಬೇಕಾ? ಇರು, ಹೇಳ್ತೀನಿ ಅಂತ?”

ಕಂಡಕ್ಟರ್ ಕೈ ಇಳಿಸಿ, ಹೌದೆಂದು ಎರಡು ಸಲ ತಲೆಯಾಡಿಸಿದ.

ಹನ್ನೆರಡು ಪುಟ, ಆರುನೂರು ಮಾತು ಬರೆದಿದ್ದ ಪ್ರೋಗ್ರಾಮರನಿಗೆ ಈ ಒಂದು ಮಾತು ಹೊಳೆದಿರಲಿಲ್ಲ. ಅವನು ಸಂಜೆಯೇ ಕಂಡಕ್ಟರನ ತಮ್ಮನನ್ನು ಕರೆಸಿ ಆ ಮಾತನ್ನು ದಾಖಲಿಸಿಕೊಂಡ. ಊರಿಗೆ ಬಂದು ಹಲಗೆಯನ್ನು ಬಿಚ್ಚಿ ಹೊಸದಾಗಿ ಬರೆಯಲು ಕುಳಿತ.

ಕೆಲಸ ಸುಲಭವಾಗಿರಲಿಲ್ಲ. ಪ್ರೋಗ್ರಾಮಿನೊಳಗೆ, ಪರದೆಯ ಮೇಲೆ ಚಿತ್ರಗಳನ್ನು ತಂದು ಕೂರಿಸುವ ಕೈ ಒಂದೇ. ಬೆರಳು ಒತ್ತಿದ್ದನ್ನು ಕೇಳಿಸಿಕೊಳ್ಳುವ ಕಿವಿಯೂ ಅದರದ್ದೇ. ಕೂರಿಸುತ್ತಿರುವಾಗ ಅದಕ್ಕೆ ಕೇಳಿಸುವುದಿಲ್ಲ. ಅದಕ್ಕೇ ಹಲಗೆ ನಲವತ್ತು ಸೆಕೆಂಡು ಕಿವುಡಾಗಿ ಇರುತ್ತಿತ್ತು. ಅವನು ಕೆಲಸವನ್ನು ಹಂಚಿದ. ಫೋಟೋಗಳನ್ನು, ದನಿಗಳನ್ನು ಓದಿ ತರುವ ಕೆಲಸವನ್ನು ಹಿಂದೆ ಇನ್ನೊಂದು ಕೈಗೆ ಒಪ್ಪಿಸಿದ. ಕೂರಿಸುವ ಕೆಲಸವನ್ನು ಮಾತ್ರ ಮುಂದಿನ ಕೈಗೆ ಬಿಟ್ಟ. ಅದನ್ನೂ ತುಂಡು ಮಾಡಿದ. ನಾಲ್ಕು ಚಿತ್ರ ಕೂರಿಸು, ತಲೆಯೆತ್ತು, ಯಾರಾದರೂ ಕರೆದರೇ ಎಂದು ಕೇಳಿಸಿಕೋ, ಮತ್ತೆ ನಾಲ್ಕು ಕೂರಿಸು.

ಪರದೆ ತೆರೆದ ಕೂಡಲೇ ಒಂದು ದೊಡ್ಡ ಅಂಗೈ ಬರುವಂತೆ ಮಾಡಿದ. ಒತ್ತಿದರೆ ಅದು ಇರು, ಹೇಳ್ತೀನಿ ಎನ್ನುತ್ತದೆ. ಪುಟಗಳ ಗುಂಡಿಗಳೂ ಅದರ ಜೊತೆಗೇ ಬರುತ್ತವೆ. ಪುಟದಲ್ಲಿ ಬರಬೇಕಾದ ಚಿತ್ರಗಳ ಜಾಗದಲ್ಲಿ ಖಾಲಿ ಚೌಕಟ್ಟುಗಳು. ಖಾಲಿ ಚೌಕಟ್ಟನ್ನು ಒತ್ತಿದರೆ ಅದರ ಅಂಚು ಬೆಳಗುತ್ತದೆ, ಉಳಿದವನ್ನು ಬಿಟ್ಟು ಆ ಚಿತ್ರವೇ ಮುಂದೆ ಬರುತ್ತದೆ. ಒಂದೇ ಚೌಕಟ್ಟನ್ನು ಎಷ್ಟು ಸಲ ಒತ್ತಿದರೂ ಒಂದೇ ಎಂದು ಹಿಡಿಯುತ್ತದೆ. ಒಂದು ಪುಟಕ್ಕೆಂದು ಒತ್ತಿದ್ದು ಇನ್ನೊಂದು ಪುಟದ ಮೇಲೆ ಎಂದಿಗೂ ಬೀಳುವುದಿಲ್ಲ.

ಎರಡು ವಾರದ ಮೇಲೆ ಕೆಲಸ ಮುಗಿಯಿತು. ಅವನು ಹೊತ್ತು ಅಳೆದ. ಹನ್ನೆರಡು ಪುಟ ಬರಲು ಐವತ್ತೆರಡು ಸೆಕೆಂಡು. ಮತ್ತೆ ಅಳೆದ. ಐವತ್ತೆರಡೇ. ತಲೆಯೆತ್ತಿ ತಲೆಯೆತ್ತಿ ಕೇಳಿಸಿಕೊಂಡದ್ದಕ್ಕೆ ಹನ್ನೆರಡು ಸೆಕೆಂಡು ಹೆಚ್ಚಾಗಿತ್ತು. ಮೊದಲಿಗಿಂತ ನಿಧಾನವಾದ ಪ್ರೋಗ್ರಾಮನ್ನು ಅವನು ತನ್ನ ಜೀವಮಾನದಲ್ಲಿ ಯಾರಿಗೂ ಕೊಟ್ಟವನಲ್ಲ. ಎರಡು ದಿನ ಕುಳಿತು ಆ ಹನ್ನೆರಡನ್ನು ಕಡಿಮೆ ಮಾಡಲು ನೋಡಿದ. ಆಗಲಿಲ್ಲ. ನಾಚಿಕೆ ಪಡುತ್ತಲೇ ಅದನ್ನು ತೆಗೆದುಕೊಂಡು ಹೋದ.

ಅವನು ಹೋದ ದಿನವೇ ಮಂದಾಕಿನಿಯೂ ಬಂದಳು. ತಾಯಿ ಅವಳಿಗೆ ಫೋನು ಮಾಡಿ ಒಂಬತ್ತು ಸಲದ ಸಂಗತಿ ಹೇಳಿದ್ದಳು. ಕೇಳಿದ ಮೇಲೆ ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಪ್ರೋಗ್ರಾಮರ್ ಹಲಗೆಯನ್ನು ಹಾಕಿ ಇನ್ನೂ ಕೈ ತೆಗೆದಿರಲಿಲ್ಲ. ಅವಳು ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು, ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದಳು.

“ಅಪ್ಪಾ,” ಎಂದಳು. “ನಾನು ತಿರುಗಿ ನೋಡಬೇಕಿತ್ತು.”

ಕಂಡಕ್ಟರ್ ಅವಳನ್ನು ನೋಡಿದ. ಅಷ್ಟು ದಿನ ಮುಟ್ಟದಿದ್ದ ಹಲಗೆಯ ಕಡೆ ತಾನಾಗಿಯೇ ಕೈ ಚಾಚಿದ. ಪ್ರೋಗ್ರಾಮರ್ ಕಂಪ್ಯೂಟರಿನಲ್ಲಿ ಹಲಗೆಯನ್ನು ತೆರೆದು ಪಕ್ಕಕ್ಕೆ ಸರಿದು ನಿಂತ. ಕೈಗಡಿಯಾರದ ಮೇಲೆ ಅವನ ಕಣ್ಣು ತಾನೇ ಹೋಯಿತು.

ಅಂಗೈ ಕೂಡಲೇ ಬಂತು. ಕಂಡಕ್ಟರ್ ಅದನ್ನು ಒತ್ತಿದ.

“ಇರು, ಹೇಳ್ತೀನಿ,” ಎಂದಿತು ಹಲಗೆ.

ಅದು ಅವನ ತಮ್ಮನ ದನಿ. ಆದರೂ ಮಂದಾಕಿನಿಗೆ ಅಪ್ಪನೇ ಹೇಳಿದಂತೆ ಕೇಳಿಸಿತು. ಅಪ್ಪ ಆ ಮಾತನ್ನು ಚಿಕ್ಕಂದಿನಲ್ಲಿ ಅವಳಿಗೆ ಎಷ್ಟು ಸಲ ಹೇಳಿದ್ದನೋ. “ಇದೀನಪ್ಪಾ,” ಎಂದಳು. ನೆಲದ ಮೇಲೆ ಕುಳಿತು ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. “ನಿಧಾನಕ್ಕೆ ಹೇಳು. ನನಗೇನೂ ಅವಸರ ಇಲ್ಲ.”

ಕಂಡಕ್ಟರ್ ಮೇಲಂಚಿನ ಗುಂಡಿ ಒತ್ತಿದ. ಮನೆಯವರ ಪುಟ ತೆರೆಯಿತು. ಖಾಲಿ ಚೌಕಟ್ಟುಗಳು ಬಂದವು. ಅವನು ಬಲಗಡೆಯ ಎರಡನೆಯ ಸಾಲಿನ ಚೌಕಟ್ಟನ್ನು ಒತ್ತಿದ. ಅಂಚು ಬೆಳಗಿತು. ಅವನು ಮತ್ತೆ ಒತ್ತಲಿಲ್ಲ. ಬೆಳಗಿದ ಅಂಚಿನ ಮೇಲೆ ಬೆರಳನ್ನು ಇಟ್ಟುಕೊಂಡೇ ಕಾದ. ಮಂದಾಕಿನಿ ಪರದೆಯನ್ನು ನೋಡುತ್ತಿರಲಿಲ್ಲ. ಅಪ್ಪನ ಕೈ ನೋಡುತ್ತಿದ್ದಳು. ಆ ಬೆರಳಿನ ತುದಿಯಲ್ಲಿ ಟಿಕೆಟ್ಟು ಹರಿದು ಹರಿದು ಕಟ್ಟಿದ್ದ ಜಡ್ಡು ಇನ್ನೂ ಹಾಗೆಯೇ ಇತ್ತು. ಅವಳು ಅದನ್ನು ಈವರೆಗೆ ಗಮನಿಸಿರಲಿಲ್ಲ. ಕೂಸು ಒಮ್ಮೆ ಆಕಳಿಸಿತು. ಅಡುಗೆಮನೆಯ ಬಾಗಿಲಲ್ಲಿ ತಾಯಿ ಸೌಟು ಹಿಡಿದು ನಿಂತಿದ್ದಳು. ಪ್ರೋಗ್ರಾಮರ್ ಮಾತ್ರ ಗಡಿಯಾರದ ಮುಳ್ಳಿನ ಜೊತೆಗೆ ಸೆಕೆಂಡು ಎಣಿಸುತ್ತಿದ್ದ.

ಫೋಟೋ ಬಂತು.

“ಮಂದಾ,” ಎಂದಿತು ಹಲಗೆ. ಒಂದೇ ಸಲ.

“ಏನಪ್ಪಾ?” ಎಂದಳು ಮಗಳು.

ಕಂಡಕ್ಟರ್ ಮುಂದೆ ಏನನ್ನೂ ಒತ್ತಲಿಲ್ಲ. ಹೇಳಬೇಕಾದದ್ದು ಅವನಿಗೆ ಇನ್ನೇನೂ ಉಳಿದಿರಲಿಲ್ಲ. ಅವನು ಕೈಯನ್ನು ಪರದೆಯಿಂದ ತೆಗೆದು ಅವಳ ತಲೆಯ ಮೇಲೆ ಇಟ್ಟ. ಉಳಿದ ಪುಟಗಳು ಹಿಂದೆ ಒಂದೊಂದಾಗಿ ಬಂದು ಸೇರುತ್ತಿದ್ದವು. ಅವನ್ನು ಯಾರೂ ನೋಡಲಿಲ್ಲ. ಕೊನೆಯ ಪುಟ ಬಂದಾಗ ಪ್ರೋಗ್ರಾಮರ್ ಕೈಗಡಿಯಾರ ನೋಡಿದ. ಐವತ್ತೆರಡು ಸೆಕೆಂಡು. ಅವನು ಚೀಲ ತೆಗೆದುಕೊಂಡು ಹೊರಡಲು ಎದ್ದ. ಊಟ ಮಾಡದೆ ಹೋಗುವ ಹಾಗಿಲ್ಲ ಎಂದು ತಾಯಿ ಅವನನ್ನು ತಡೆದಳು. ಅವನಿಗೂ ಸೇರಿಸಿ ನಾಲ್ಕು ಎಲೆ ಹಾಕಿದಳು. ಕಂಡಕ್ಟರನಿಗೆ ಅಂದು ಮಗಳೇ ತುತ್ತು ಮಾಡಿ ತಿನ್ನಿಸಿದಳು.

ಪದ್ಮರಾಜಯ್ಯನವರು ಕತೆ ನಿಲ್ಲಿಸಿದರು.

ಇಂದುಧರನ ಬುದ್ಧಿ ಇನ್ನೂ ಲೆಕ್ಕವನ್ನು ಬಿಟ್ಟುಕೊಟ್ಟಿರಲಿಲ್ಲ.

“ಆದರೂ ಗುರುಗಳೇ,” ಎಂದ, “ಕೊನೆಗೆ ಹನ್ನೆರಡು ಸೆಕೆಂಡು ಹೆಚ್ಚೇ ಕಾಯಬೇಕಾಯಿತಲ್ಲ?”

“ಹೌದು,” ಎಂದರು ಗುರುಗಳು, “ಆ ಹನ್ನೆರಡನ್ನು ಎಣಿಸಿದವನು ಅಲ್ಲಿ ಒಬ್ಬನೇ ಇದ್ದ, ಅವನು ಯಾರ ಮಾತಿಗೂ ಕಾಯುತ್ತಿರಲಿಲ್ಲ.”